ರೇಸ್ ಟು ಅಲಾಸ್ಕಾ: ದಡದಲ್ಲಿ ನಿಂತು ನೋಡುವವರಿಗೆ

ರೇಸ್ ಟು ಅಲಾಸ್ಕಾ ಎಂಬ ದೋಣಿ ಸ್ಪರ್ಧೆಯನ್ನು ನೋಡಲು ಹೊರಡುವವರು ಮೊದಲು ಒಂದು ಆಸೆಯನ್ನು ಕೈಬಿಡಬೇಕು. ದೋಣಿಗಳು ಕಡಲಲ್ಲಿ, ನಾವು ಕಾರಿನಲ್ಲಿ, ಹೀಗೆ ಜೊತೆಜೊತೆಯಾಗಿ ಉತ್ತರಕ್ಕೆ ಸಾಗಬಹುದು ಎಂಬ ಆಸೆ. ಹಾಗೆ ಸಾಗಲು ಅಲ್ಲಿ ರಸ್ತೆಯೇ ಇಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಕರಾವಳಿ ಎಂದರೆ ನೀರಿನಿಂದ ನೇರವಾಗಿ ಎದ್ದ ಬೆಟ್ಟಗಳು, ಒಳನಾಡಿಗೆ ಹತ್ತಾರು ಮೈಲಿ ನುಗ್ಗಿದ ಕಡಲ ಕೈಗಳು, ಎಣಿಸಲಾಗದಷ್ಟು ದ್ವೀಪಗಳು. ರಸ್ತೆ ಕಡಲನ್ನು ಮುಟ್ಟುವ ಜಾಗಗಳು ಬೆರಳೆಣಿಕೆಯಷ್ಟು. ಹಾಗಾಗಿ ಮೂರು ಜಾಗಗಳನ್ನು ಆರಿಸಿಕೊಳ್ಳಿ, ಅಲ್ಲಿಗೆ ಮೊದಲೇ ಹೋಗಿ ಕಾಯಿರಿ, ನಡುವಿನದನ್ನು ಮೊಬೈಲಿಗೆ ಬಿಡಿ. ಪ್ರತಿ ದೋಣಿಯೂ ಉಪಗ್ರಹ ಟ್ರ್ಯಾಕರ್ ಹೊತ್ತಿರಬೇಕೆಂಬ ನಿಯಮವಿದೆ. ಆಯೋಜಕರ ನಕ್ಷೆಯಲ್ಲಿ ಯಾರು ಎಲ್ಲಿದ್ದಾರೆಂದು ಯಾರು ಬೇಕಾದರೂ ನೋಡಬಹುದು. ಬೆಂಗಳೂರಿನಲ್ಲಿ ಕುಳಿತೂ ನೋಡಬಹುದು, ಅಷ್ಟೇ ಚಟ ಹತ್ತುತ್ತದೆ.

ಸ್ಪರ್ಧೆಯ ಪರಿಚಯ ಇಲ್ಲದವರಿಗೆ ಎರಡು ಮಾತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೋರ್ಟ್ ಟೌನ್‌ಸೆಂಡ್ ಎಂಬ ಪುಟ್ಟ ಬಂದರಿನಿಂದ ಅಲಾಸ್ಕಾದ ಕೆಚಿಕನ್‌ವರೆಗೆ 750 ಮೈಲಿ. 2015ರಲ್ಲಿ ಶುರುವಾಯಿತು. ಪೋರ್ಟ್ ಟೌನ್‌ಸೆಂಡಿನ ನಾರ್ತ್‌ವೆಸ್ಟ್ ಮ್ಯಾರಿಟೈಮ್ ಸಂಸ್ಥೆ ಇದನ್ನು ನಡೆಸುತ್ತದೆ. ಎಂಜಿನ್ ಇರಕೂಡದು, ಹಿಂದೆ ಸಹಾಯದ ದೋಣಿ ಬರಕೂಡದು. ಉಳಿದಂತೆ ಹಾಯಿ, ಹುಟ್ಟು, ಪೆಡಲ್ ಏನಾದರೂ ಸರಿ. ಮೊದಲ ಬಹುಮಾನ ಹತ್ತು ಸಾವಿರ ಡಾಲರ್, ಅದನ್ನು ಮರದ ತುಂಡಿಗೆ ಮೊಳೆ ಹೊಡೆದು ಕೊಡುತ್ತಾರೆ. ಎರಡನೆಯದು ಮಾಂಸ ಕೊಯ್ಯುವ ಚೂರಿಗಳ ಒಂದು ಪೆಟ್ಟಿಗೆ. ಮೂರನೆಯವರಿಗೆ ಏನೂ ಇಲ್ಲ. ಈ ತಮಾಷೆಯ ಧಾಟಿಯನ್ನು ನಂಬಿ ಸ್ಪರ್ಧೆಯನ್ನು ಹಗುರವಾಗಿ ಕಾಣಬೇಡಿ. ಜೂನ್ ತಿಂಗಳಲ್ಲೂ ಅಲ್ಲಿನ ನೀರು ಹತ್ತು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಬಿದ್ದವನಿಗೆ ಹೆಚ್ಚು ಹೊತ್ತಿಲ್ಲ. ಮರದ ಉದ್ಯಮದ ನಾಡಾದ್ದರಿಂದ ಅರ್ಧ ಮುಳುಗಿದ ದಿಮ್ಮಿಗಳು ತೇಲುತ್ತಿರುತ್ತವೆ. ರಾತ್ರಿ ವೇಗವಾಗಿ ಹೋಗುವ ದೋಣಿ ಒಂದು ದಿಮ್ಮಿಗೆ ಬಡಿದರೆ ಸ್ಪರ್ಧೆ ಅಲ್ಲಿಗೇ ಮುಗಿಯಿತು.

ವೀಸಾ ವಿಷಯವನ್ನು ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಿ. ದಾರಿ ಅಮೆರಿಕದಲ್ಲಿ ಶುರುವಾಗಿ ಕೆನಡಾಕ್ಕೆ ಹೋಗಿ ಮತ್ತೆ ಅಮೆರಿಕಕ್ಕೆ ಬರುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಹಲವು ಬಾರಿ ಪ್ರವೇಶವಿರುವ ಅಮೆರಿಕದ ವೀಸಾ, ಜೊತೆಗೆ ಕೆನಡಾದ ಸಂದರ್ಶಕ ವೀಸಾ ಎರಡೂ ಬೇಕು. ಎಚ್-1ಬಿ ಮೇಲಿರುವವರೂ ಕೆನಡಾ ವೀಸಾ ಪಡೆಯಲೇಬೇಕು. ಗ್ರೀನ್ ಕಾರ್ಡ್ ಇದ್ದವರು ಪಾಸ್‌ಪೋರ್ಟ್ ಮತ್ತು ಕಾರ್ಡ್ ತೋರಿಸಿದರೆ ಸಾಕು. ಊರಿನಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಅವರ ಕೆನಡಾ ವೀಸಾಕ್ಕೆ ತಿಂಗಳುಗಳ ಮೊದಲೇ ಅರ್ಜಿ ಹಾಕಿ. ನಮ್ಮ ಜೊತೆ ಕುಮಟಾದಿಂದ ಬಂದಿದ್ದ ಅತ್ತೆ ಇದ್ದರು. ಅವರ ವೀಸಾ ಬಂದ ಮೇಲೆಯೇ ನಾವು ಹೋಟೆಲುಗಳಿಗೆ ಹಣ ಕಟ್ಟಿದ್ದು.

ಮೊದಲ ಜಾಗ ಪೋರ್ಟ್ ಟೌನ್‌ಸೆಂಡ್. ಸಿಯಾಟಲ್‌ನಿಂದ ಬೈನ್‌ಬ್ರಿಜ್ ದ್ವೀಪದ ಫೆರಿ ಹಿಡಿದು, ಹುಡ್ ಕೆನಾಲ್ ಮೇಲಿನ ತೇಲುಸೇತುವೆ ದಾಟಿದರೆ ಎರಡು ಗಂಟೆಯ ಹಾದಿ, ಫೆರಿಯ ಸಾಲು ಉದ್ದವಿದ್ದರೆ ಮೂರು. ಸ್ಪರ್ಧೆ ಹೊರಡುವುದು ಬೆಳಗಿನ ಐದಕ್ಕೆ, ಆದ್ದರಿಂದ ಹಿಂದಿನ ರಾತ್ರಿ ಊರಲ್ಲೇ ಉಳಿಯಬೇಕು. ಹಿಂದಿನ ದಿನವೇ ಹೋಗಲು ಇನ್ನೂ ಒಳ್ಳೆಯ ಕಾರಣವಿದೆ. ಅಂದು ಬಂದರಿನಲ್ಲಿ ಸಂತೆಯಂಥ ಸಡಗರವಿರುತ್ತದೆ, ದೋಣಿಗಳೆಲ್ಲ ಕಟ್ಟಿ ನಿಂತಿರುತ್ತವೆ, ಸ್ಪರ್ಧಿಗಳು ಮಾತಿಗೆ ಸಿಗುತ್ತಾರೆ. ಲಕ್ಷಾಂತರ ಡಾಲರಿನ ಮೂರು ಒಡಲಿನ ದೋಣಿಯ ಪಕ್ಕದಲ್ಲೇ ಮನೆಯ ಹಿತ್ತಿಲಲ್ಲಿ ಪ್ಲೈವುಡ್ ಕೊರೆದು ಮಾಡಿದ ದೋಣಿ ಇರುತ್ತದೆ. ದೊಡ್ಡ ಹಾಯಿದೋಣಿಗಳ ಹಿಂಭಾಗವನ್ನು ತಪ್ಪದೆ ನೋಡಿ. ಗಾಳಿ ಸತ್ತಾಗ ತುಳಿಯಲು ಅಲ್ಲಿ ಸೈಕಲ್ಲಿನ ಸೀಟು, ಪೆಡಲು, ಅದಕ್ಕೆ ಜೋಡಿಸಿದ ಪ್ರೊಪೆಲ್ಲರ್ ಇರುತ್ತದೆ. ಇದನ್ನು ಹೇಗೆ ಮಾಡಿದಿರಿ ಎಂದು ಕೇಳಿದರೆ ಸಾಕು, ಅರ್ಧ ಗಂಟೆ ಬಿಡುವುದಿಲ್ಲ.

ಬೆಳಗ್ಗೆ ಹೊರಡುವುದನ್ನು ನೋಡಲು ಬೆಚ್ಚಗಿನ ಟೊಪ್ಪಿ, ಕೈಗವಸು ಬೇಕು. ಮೊದಲ ಹಂತ 40 ಮೈಲಿ, ವಾನ್ ಡಿ ಫುಕಾ ಜಲಸಂಧಿಯನ್ನು ಅಡ್ಡ ದಾಟಿ ಕೆನಡಾದ ವಿಕ್ಟೋರಿಯಾಕ್ಕೆ. ಇದಕ್ಕೆ 36 ಗಂಟೆಗಳ ಮಿತಿಯಿದೆ. ಇದು ಸ್ಪರ್ಧಿಗಳನ್ನು ಸೋಸುವ ಜರಡಿ, ಗಾಳಿ ಜೋರಿದ್ದ ವರ್ಷ ಇಲ್ಲೇ ಅನೇಕರ ಆಟ ಮುಗಿಯುತ್ತದೆ.

ದೋಣಿಗಳು ಕಣ್ಮರೆಯಾದ ಮೇಲೆ ನೀವು ಪೋರ್ಟ್ ಏಂಜಲಿಸ್‌ಗೆ ಒಂದು ಗಂಟೆ ಕಾರು ಓಡಿಸಿ. ಅಲ್ಲಿಂದ ವಿಕ್ಟೋರಿಯಾಕ್ಕೆ ಕಾರು ಸಾಗಿಸುವ ಕೋಹೋ ಹಡಗಿದೆ, ಒಂದೂವರೆ ಗಂಟೆಯ ಪಯಣ. ಸೀಟನ್ನು ಮೊದಲೇ ಕಾದಿರಿಸಿ. ಗಡಿಯಲ್ಲಿ ಹಣ್ಣು ತರಕಾರಿ ತೆಗೆದಿಡಿಸುವ ಸಾಧ್ಯತೆ ಇರುವುದರಿಂದ ಅವನ್ನು ಮೊದಲೇ ತಿಂದು ಮುಗಿಸಿ. ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿನ ಸಿದ್ಧ ಪುಡಿಗೆ ನಮಗೆ ಯಾರೂ ಅಡ್ಡಿ ಮಾಡಲಿಲ್ಲ, ಕೇಳಿದಾಗ ಇದೆ ಎಂದು ಹೇಳಿದರಾಯಿತು.

ವಿಕ್ಟೋರಿಯಾದಲ್ಲಿ ಎರಡನೇ ಹಂತ ಕೆಲವು ದಿನ ಬಿಟ್ಟು ಮಧ್ಯಾಹ್ನ ಹನ್ನೆರಡಕ್ಕೆ ಶುರುವಾಗುತ್ತದೆ. ಸ್ಪರ್ಧಿಗಳು ದಂಡೆಯಿಂದ ಓಡಿಬಂದು ದೋಣಿ ಹತ್ತುತ್ತಾರೆ. ಒಳಬಂದರಿನಲ್ಲಿ ಹಾಯಿ ಬಿಚ್ಚುವಂತಿಲ್ಲವಾದ್ದರಿಂದ ಎಲ್ಲರೂ ಹುಟ್ಟು ಹಾಕಿಯೋ ಪೆಡಲ್ ತುಳಿದೋ ಹೊರಗೆ ಹೋಗಬೇಕು. ಕೋಟಿ ಬೆಲೆಯ ದೋಣಿಯವರು ಬೆವರು ಸುರಿಸಿ ತುಳಿಯುವಾಗ ಒಂಟಿ ಕಯಾಕಿನವನು ಸಲೀಸಾಗಿ ಮುಂದೆ ಹೋಗುತ್ತಾನೆ, ಜನ ಅವನಿಗೇ ಹೆಚ್ಚು ಚಪ್ಪಾಳೆ ಹೊಡೆಯುತ್ತಾರೆ. ಎಂಪ್ರೆಸ್ ಹೋಟೆಲಿನ ಎದುರಿನ ಕೆಳಗಿನ ಕಟ್ಟೆಯಲ್ಲಿ ಹನ್ನೊಂದರೊಳಗೆ ಜಾಗ ಹಿಡಿಯಿರಿ. ಚೆನ್ನಾಗಿ ಕಾಣುತ್ತದೆ, ದುಡ್ಡು ಕೊಡಬೇಕಿಲ್ಲ.

ಎರಡನೇ ಜಾಗ ಕ್ಯಾಂಪ್‌ಬೆಲ್ ರಿವರ್. ಸಮಯ ಕಡಿಮೆಯಿದ್ದು ಉಳಿದದ್ದನ್ನೆಲ್ಲ ಬಿಡಬೇಕಾಗಿ ಬಂದರೂ ಇದನ್ನು ಬಿಡಬೇಡಿ ಎನ್ನುತ್ತೇನೆ. ವಿಕ್ಟೋರಿಯಾದಿಂದ ಸುಮಾರು 265 ಕಿಲೋಮೀಟರ್, ಒಳ್ಳೆಯ ರಸ್ತೆ. ಅದರ ಉತ್ತರಕ್ಕೆ ಸೀಮೋರ್ ನ್ಯಾರೋಸ್ ಎಂಬ ಇಕ್ಕಟ್ಟಾದ ಜಲಮಾರ್ಗವಿದೆ. ವಿಕ್ಟೋರಿಯಾ ಇರುವ ವ್ಯಾಂಕೂವರ್ ದ್ವೀಪಕ್ಕೂ ಮುಖ್ಯನೆಲಕ್ಕೂ ನಡುವಿನ ನೀರೆಲ್ಲ ಉಬ್ಬರ ಇಳಿತಗಳಲ್ಲಿ ಇಲ್ಲಿ ನುಗ್ಗುವಾಗ ಹರಿವು 15 ನಾಟ್ ಮುಟ್ಟುತ್ತದೆ, ಎಂದರೆ ಗಂಟೆಗೆ 28 ಕಿಲೋಮೀಟರಿನಷ್ಟು. ಹುಟ್ಟು ಹಾಕುವವರ ವೇಗ ಮೂರು ನಾಟ್ ಇದ್ದರೆ ಹೆಚ್ಚು. ಹಿಂದೆ ಇದರ ನಡುವೆ ರಿಪಲ್ ರಾಕ್ ಎಂಬ ಬಂಡೆಯ ಎರಡು ತುದಿಗಳು ನೀರಿನ ಸ್ವಲ್ಪ ಕೆಳಗಿದ್ದು, ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿದ್ದವು. ಕೊನೆಗೆ ಕಡಲತಳದ ಕೆಳಗಿನಿಂದ ಸುರಂಗ ಕೊರೆದು 1958ರ ಏಪ್ರಿಲ್ 5ರಂದು ಸಾವಿರಕ್ಕೂ ಹೆಚ್ಚು ಟನ್ ಸಿಡಿಮದ್ದು ಇಟ್ಟು ಅದರ ನೆತ್ತಿಯನ್ನು ಹಾರಿಸಿದರು. ಬಂಡೆ ಹೋಯಿತು, ಸೆಳೆತ ಉಳಿಯಿತು.

ಇಲ್ಲಿ ಉಬ್ಬರದ ನೀರು ದಕ್ಷಿಣಕ್ಕೂ ಇಳಿತದ ನೀರು ಉತ್ತರಕ್ಕೂ ಹರಿಯುತ್ತದೆ. ಉತ್ತರಕ್ಕೆ ಹೋಗುವ ದೋಣಿ ಹಾಗಾಗಿ ನೀರು ನಿಂತ ಆ ಸ್ವಲ್ಪ ಹೊತ್ತಿಗೆ ಕಾದು, ಇಳಿತ ಶುರುವಾಗುತ್ತಿದ್ದಂತೆ ನುಗ್ಗಬೇಕು. ಅತ್ತೆಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. "ಇದು ನಮ್ಮ ಅಳಿವೆ ದಾಟಿದ ಹಾಗೆಯೇ, ಮಾರಾಯ್ತಿ. ಹೊತ್ತು ನೋಡದೆ ಹೋದವನು ಕೆಟ್ಟ" ಎಂದರು. ಮುಂದಿನ ಎರಡು ಗಂಟೆ ಯಾವ ದೋಣಿ ಬೇಗ ಹೊರಟಿತು, ಯಾವುದು ತಡ ಮಾಡಿತು ಎಂದು ಅವರೇ ನಮಗೆ ಹೇಳುತ್ತಿದ್ದರು.

ನೋಡುವ ಕ್ರಮ ಹೀಗೆ. ಕೆನಡಾ ಸರ್ಕಾರದ ಉಬ್ಬರ ಇಳಿತದ ಪಟ್ಟಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಸೀಮೋರ್ ನ್ಯಾರೋಸ್‌ಗೆ ಅದರಲ್ಲಿ ಪ್ರತ್ಯೇಕ ಪುಟವಿದೆ. ಹಗಲಿನಲ್ಲಿ ಉಬ್ಬರ ಮುಗಿದು ನೀರು ನಿಲ್ಲುವ ಹೊತ್ತನ್ನು ಗುರುತು ಹಾಕಿಕೊಳ್ಳಿ, ಅದಕ್ಕೆ ಒಂದು ಗಂಟೆ ಮೊದಲೇ ಜಾಗದಲ್ಲಿರಿ. ಹೆದ್ದಾರಿ 19ರ ಪಕ್ಕದಲ್ಲೇ ಕಾರು ನಿಲ್ಲಿಸಿ ನೋಡುವ ಕಟ್ಟೆಯೊಂದಿದೆ, ವಯಸ್ಸಾದವರಿಗೆ ಅದು ಸಾಕು. ನಡೆಯಬಲ್ಲವರಿಗೆ ರಿಪಲ್ ರಾಕ್ ಕಾಲುದಾರಿ ಇದೆ, ಒಂದು ಕಡೆಗೆ ಸುಮಾರು ನಾಲ್ಕು ಕಿಲೋಮೀಟರ್. ಕಾಡಿನ ನಡುವೆ ಹೋಗಿ ಜಲಮಾರ್ಗದ ನೆತ್ತಿಯ ಮೇಲೆ ಮುಗಿಯುತ್ತದೆ. ಕಪ್ಪು ಕರಡಿಗಳ ನಾಡು, ಗಟ್ಟಿಯಾಗಿ ಮಾತಾಡುತ್ತಾ ನಡೆಯಿರಿ. ದುರ್ಬೀನು ಇಲ್ಲದೆ ಹೋಗಬೇಡಿ. ಮುಂಚೂಣಿಯ ದೋಣಿಗಳು ವಿಕ್ಟೋರಿಯಾ ಬಿಟ್ಟ ಒಂದೂವರೆ ದಿನದೊಳಗೆ ಇಲ್ಲಿ ದಾಟಿಬಿಡಬಹುದು, ಸಣ್ಣವು ಮೂರನೇ ದಿನದಿಂದ ಬರುತ್ತವೆ. ಸಣ್ಣವನ್ನೇ ಕಾಯಿರಿ. 2022ರಿಂದ ಈ ಇಕ್ಕಟ್ಟಿನ ದಾರಿಯಲ್ಲೇ ಹೋಗಬೇಕೆಂಬ ಕಡ್ಡಾಯವಿಲ್ಲ, ಧೈರ್ಯವಿದ್ದವರು ದ್ವೀಪದ ಹೊರಮಗ್ಗುಲಿನ ತೆರೆದ ಪೆಸಿಫಿಕ್ ಹಿಡಿಯಬಹುದು. ಹಾಗೆ ಹೋದವರು ನಿಮಗೆ ಕಾಣುವುದಿಲ್ಲ, ಟ್ರ್ಯಾಕರಿನಲ್ಲಿ ನೋಡಿಕೊಳ್ಳಬೇಕು.

ಇಲ್ಲಿಂದ ಮುಂದೆ ಪೋರ್ಟ್ ಹಾರ್ಡಿವರೆಗೂ ಕಾರು ಹೋಗುತ್ತದೆ, ಇನ್ನೂ 230 ಚಿಲ್ಲರೆ ಕಿಲೋಮೀಟರ್. ಆ ದಾರಿಗೆ ಸಮಾನಾಂತರವಾಗಿರುವ ಜಾನ್‌ಸ್ಟನ್ ಜಲಸಂಧಿಯಲ್ಲಿ ವಾಯವ್ಯದ ಗಾಳಿ ಇಳಿತದ ನೀರಿಗೆ ಎದುರಾಗಿ ಬೀಸಿ ಕಡಿದಾದ ಅಲೆಗಳನ್ನು ಎಬ್ಬಿಸುತ್ತದೆ, ಸ್ಪರ್ಧಿಗಳ ಮೂಳೆ ಸಡಿಲವಾಗುವುದು ಅಲ್ಲಿ. ಆದರೆ ಹೆದ್ದಾರಿ ಬಹುಪಾಲು ಕಾಡಿನೊಳಗೇ ಸಾಗುವುದರಿಂದ ಸ್ಪರ್ಧೆ ನೋಡಲೆಂದೇ ಹೋಗುವವರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಓರ್ಕಾ ತಿಮಿಂಗಿಲಗಳಿಗಾಗಿ ಹೋಗುವುದಾದರೆ ಬೇರೆ ಮಾತು. ಹೋದರೆ ಕ್ಯಾಂಪ್‌ಬೆಲ್ ರಿವರಿನಲ್ಲೇ ಪೆಟ್ರೋಲ್ ತುಂಬಿಸಿ, ಮೊಬೈಲ್ ಸಿಗ್ನಲ್ ಎಷ್ಟೋ ಕಡೆ ಇರುವುದಿಲ್ಲ. ಅದರಾಚೆ ದೋಣಿಗಳು ಕಡ್ಡಾಯವಾಗಿ ಹಾಯಬೇಕಾದ ಠಾಣೆ ಬೆಲ್ಲಾ ಬೆಲ್ಲಾ, ಹೈಲ್ಟ್‌ಸುಕ್ ಮೂಲನಿವಾಸಿಗಳ ದ್ವೀಪದ ಊರು. ರಸ್ತೆಯಿಲ್ಲ, ಅಲ್ಲಿಗೆ ಹೋಗಿ ಕಾಯುವ ಯೋಜನೆ ಪ್ರೇಕ್ಷಕರಿಗೆ ಹೊಂದುವುದಿಲ್ಲ.

ಮೂರನೇ ಜಾಗ ಕೆಚಿಕನ್. ಅದಕ್ಕೂ ಹೊರಗಿನಿಂದ ರಸ್ತೆಯಿಲ್ಲ. ಎರಡು ದಾರಿಗಳಿವೆ. ಸಿಯಾಟಲ್‌ಗೆ ಮರಳಿ ವಿಮಾನ ಹತ್ತಿದರೆ ಎರಡು ಗಂಟೆ. ಇಲ್ಲವಾದರೆ ಬೆಲ್ಲಿಂಗ್‌ಹ್ಯಾಮಿನಿಂದ ಅಲಾಸ್ಕಾ ಸರ್ಕಾರದ ಹಡಗು, ಸಾಮಾನ್ಯವಾಗಿ ವಾರಕ್ಕೊಮ್ಮೆ ಶುಕ್ರವಾರ, ಸುಮಾರು 38 ಗಂಟೆ. ಕ್ಯಾಬಿನ್ ಸಿಗದವರು ಮೇಲಿನ ಡೆಕ್ಕಿನಲ್ಲಿ ಟೆಂಟ್ ಹಾಕಿ ಅಂಟುಪಟ್ಟಿಯಿಂದ ನೆಲಕ್ಕೆ ಅಂಟಿಸಿ ಮಲಗುತ್ತಾರೆ, ಅದಕ್ಕೆ ಅಡ್ಡಿಯಿಲ್ಲ. ದಿನಗಳು ಹೊಂದಿದರೆ ಹಡಗೇ ಮೇಲು. ಸ್ಪರ್ಧಿಗಳು ಹೋಗುವ ನೀರಿನ ಅಗಲ, ಮಂಜು, ಮನುಷ್ಯನ ಸುಳಿವಿಲ್ಲದ ದಡ ಇವನ್ನೆಲ್ಲ ಅದರ ಕಿಟಕಿಯಿಂದ ನೋಡಿದ ಮೇಲೆಯೇ ಹುಟ್ಟು ಹಾಕಿಕೊಂಡು ಬರುವುದೆಂದರೆ ಏನೆಂದು ಅಂದಾಜಾಗುವುದು. ವಯಸ್ಸಾದವರು ಇದ್ದರೆ ಕ್ಯಾಬಿನ್‌ಗಾಗಿ ಚಳಿಗಾಲದಲ್ಲೇ ಪ್ರಯತ್ನಿಸಿ.

ಯಾವಾಗ ತಲುಪಬೇಕು? 2016ರಲ್ಲಿ ಮ್ಯಾಡ್ ಡಾಗ್ ರೇಸಿಂಗ್ ತಂಡ 3 ದಿನ 20 ಗಂಟೆಯಲ್ಲಿ ಮುಗಿಸಿತ್ತು, ಮೊದಲ ವರ್ಷದ ವಿಜೇತರಿಗೆ ಐದು ದಿನ ಹಿಡಿದಿತ್ತು. ಹಾಗಾಗಿ ವಿಕ್ಟೋರಿಯಾ ಬಿಟ್ಟ ನಾಲ್ಕನೇ ದಿನಕ್ಕೆ ಅಲ್ಲಿದ್ದರೆ ಗೆದ್ದವರು ಸಿಗಬಹುದು. ನನ್ನನ್ನು ಕೇಳಿದರೆ ಗೆದ್ದವರಿಗಾಗಿ ಹೋಗಬೇಡಿ. 2018ರಲ್ಲಿ ಸೇಲ್ ಲೈಕ್ ಎ ಗರ್ಲ್ ಎಂಬ ಮಹಿಳೆಯರ ತಂಡ ಮೊದಲ ಬಾರಿಗೆ ಒಂದೇ ಒಡಲಿನ ದೋಣಿಯಲ್ಲಿ ಗೆದ್ದಂಥ ವರ್ಷದಲ್ಲಿ ಆ ಗಳಿಗೆ ಕಾಣಲು ಯೋಗ್ಯವೇ. ಆದರೆ ಹತ್ತನೇ ದಿನದ ನಂತರ ಬರುವವರ ಕಥೆಗಳೇ ಬೇರೆ. 2017ರಲ್ಲಿ ಕಾರ್ಲ್ ಕ್ರೂಗರ್ ಎಂಬಾತ ಪ್ಯಾಡಲ್‌ಬೋರ್ಡಿನ ಮೇಲೆ ನಿಂತುಕೊಂಡೇ ಎರಡು ವಾರಗಳಲ್ಲಿ ಬಂದು ತಲುಪಿದ. ಹಿಂದಿನಿಂದ ಗ್ರಿಮ್ ಸ್ವೀಪರ್ ಎಂಬ ದೋಣಿ ಬರುತ್ತಿರುತ್ತದೆ, ಅದು ಯಾರನ್ನು ದಾಟಿತೋ ಅವರು ಸ್ಪರ್ಧೆಯಿಂದ ಹೊರಗೆ. ಅದಕ್ಕೆ ಸಿಗದೆ ಬಂದವರು ಥಾಮಸ್ ಬೇಸಿನ್ ಬಂದರಿನ ಕಟ್ಟೆ ಹತ್ತಿ ಗಂಟೆ ಬಾರಿಸುವಾಗ ಅಲ್ಲಿ ಹತ್ತು ಜನರಿದ್ದರೂ ಹೆಚ್ಚು, ಆ ಹತ್ತರಲ್ಲಿ ನೀವೂ ಒಬ್ಬರಾಗಬಹುದು. ರಾತ್ರಿ ಎರಡಕ್ಕೂ ಬರುತ್ತಾರೆ. ಟ್ರ್ಯಾಕರ್ ನೋಡಿ ಎದ್ದು ಹೋಗುವಷ್ಟು ಹತ್ತಿರದಲ್ಲಿ ಕೋಣೆ ಹಿಡಿಯಿರಿ. ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ ಎಂಬುದೂ ಲೆಕ್ಕದಲ್ಲಿರಲಿ.

ಕ್ರೂಸ್ ಹಡಗುಗಳ ಕಾಲವಾದ್ದರಿಂದ ಕೋಣೆಗಳು ದುಬಾರಿ, ಬೇಗ ತುಂಬುತ್ತವೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು, ಕೊಡೆಗಿಂತ ಉದ್ದನೆಯ ಮಳೆಯಂಗಿ ಉಪಯೋಗಕ್ಕೆ ಬರುತ್ತದೆ. ದೋಣಿ ಬಾರದ ಹೊತ್ತಿನಲ್ಲಿ ಕಂಬಗಳ ಮೇಲೆ ನಿಂತ ಮನೆಗಳ ಕ್ರೀಕ್ ಸ್ಟ್ರೀಟ್ ಇದೆ, ಮೂಲನಿವಾಸಿಗಳು ಕೆತ್ತಿದ ಹಳೆಯ ಟೋಟೆಮ್ ಕಂಬಗಳನ್ನು ಕಾಪಾಡಿಟ್ಟ ಟೋಟೆಮ್ ಹೆರಿಟೇಜ್ ಸೆಂಟರ್ ಇದೆ. ಊರೆಲ್ಲ ಸಾಲ್ಮನ್ ಮೀನಿನದೇ ಅಡುಗೆ. ಸಸ್ಯಾಹಾರಿಗಳು ಅಡುಗೆಮನೆ ಇರುವ ಕೋಣೆ ಹಿಡಿದು ಸಿಯಾಟಲ್‌ನಿಂದಲೇ ಅಕ್ಕಿ ಬೇಳೆ ಒಯ್ಯುವುದು ಜಾಣತನ, ಅಂಗಡಿಗಳಲ್ಲಿ ತರಕಾರಿ ಸಿಗುತ್ತದಾದರೂ ಬೆಲೆ ನೋಡಿದರೆ ಕೈ ಹಿಂದೆ ಬರುತ್ತದೆ.

ಮರಳುವಾಗ ವಿಮಾನದ ಹೊತ್ತಿಗೆ ಸಾಕಷ್ಟು ಮೊದಲೇ ಕೋಣೆ ಬಿಡಿ. ವಿಮಾನ ನಿಲ್ದಾಣ ಎದುರಿನ ಗ್ರವೀನಾ ದ್ವೀಪದಲ್ಲಿದೆ, ನಡುವೆ ಸೇತುವೆಯಿಲ್ಲ, ಸಣ್ಣ ಫೆರಿ ಹತ್ತಿ ದಾಟಬೇಕು. ಹಿಂದಿರುಗುವ ಟಿಕೆಟ್ಟನ್ನು ದಿನ ಬದಲಿಸಲು ಬರುವಂಥದ್ದೇ ಕೊಳ್ಳಿ. ನೀವು ಟ್ರ್ಯಾಕರಿನಲ್ಲಿ ವಾರದಿಂದ ನೋಡುತ್ತಾ ಬಂದ ಯಾವುದೋ ಒಂದು ಪುಟ್ಟ ದೋಣಿ ಇನ್ನೂ 60 ಮೈಲಿ ದೂರದಲ್ಲಿರುವಾಗ ಊರಿಗೆ ಹೊರಡುವ ಮನಸ್ಸು ಯಾರಿಗೂ ಬರುವುದಿಲ್ಲ.