ಲ್ಯಾಪ್‌ಟಾಪ್ ಪರದೆಗೆ ಎಷ್ಟು ಪಿಕ್ಸೆಲ್ ಬೇಕು?

ಹೊಸ ಲ್ಯಾಪ್‌ಟಾಪ್ ಆರಿಸುವಾಗ ನಾನು ಹೆಚ್ಚು ಹೊತ್ತು ತಲೆ ಕೆಡಿಸಿಕೊಂಡದ್ದು ಪರದೆಯ ರೆಸಲ್ಯೂಷನ್, ಅಂದರೆ ಅದರಲ್ಲಿರುವ ಪಿಕ್ಸೆಲ್ ಎಂಬ ಚುಕ್ಕೆಗಳ ಸಂಖ್ಯೆಯ ಬಗ್ಗೆ. ಎಸ್‌ಎಸ್‌ಡಿಯನ್ನು (ಕಡತಗಳನ್ನು ಉಳಿಸುವ ಭಾಗವನ್ನು) ಅನೇಕ ಯಂತ್ರಗಳಲ್ಲಿ ಆಮೇಲೆ ಬದಲಿಸಿಕೊಳ್ಳಬಹುದು. ಪರದೆಯಾದರೋ ಯಂತ್ರ ಬಾಳುವಷ್ಟು ಕಾಲವೂ ಅದೇ ಇರುತ್ತದೆ. ಹಗಲೆಲ್ಲ ಓದುಬರಹ, ರಾತ್ರಿ ಒಂದೆರಡು ಗಂಟೆ ಗೇಮ್ ಎಂಬ ನನ್ನಂಥವರ ಬಳಕೆಗೆ ಇಲ್ಲೊಂದು ನಿಜವಾದ ಇಕ್ಕಟ್ಟಿದೆ: ಓದುವ ಕಣ್ಣು ಹೆಚ್ಚು ಪಿಕ್ಸೆಲ್ ಬೇಡುತ್ತದೆ, ಗೇಮ್ ನಡೆಸುವ ಗ್ರಾಫಿಕ್ಸ್ ಚಿಪ್‌ಗೆ ಕಡಿಮೆ ಇದ್ದಷ್ಟೂ ಹಗುರ.

ಹೊರೆಯ ಲೆಕ್ಕ ಸರಳ. 1920×1080ರ (1080ಪಿ) ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿದ್ದರೆ, 2560×1600ರಲ್ಲಿ ಸುಮಾರು 41 ಲಕ್ಷ, 3840×2160ರ 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಇರುತ್ತವೆ. ಸೆಕೆಂಡಿಗೆ 60 ಫ್ರೇಮ್‌ ಬೇಕೆಂದರೆ 4ಕೆಯಲ್ಲಿ ಚಿಪ್ ಪ್ರತಿ ಸೆಕೆಂಡಿಗೆ ಸುಮಾರು 50 ಕೋಟಿ ಪಿಕ್ಸೆಲ್‌ಗಳನ್ನು ತುಂಬಬೇಕು. ಅದರ ಮೇಲೆ, ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಚಿಪ್ ಡೆಸ್ಕ್‌ಟಾಪ್ ಕಾರ್ಡಿನ ಹೆಸರನ್ನೇ ಹೊತ್ತಿದ್ದರೂ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ ದುಡಿಯುತ್ತದೆ ಎಂಬುದನ್ನು ಮರೆಯಬಾರದು.

ಹಾಗಾದರೆ ಕಣ್ಣಿಗೆ ಎಷ್ಟು ಸಾಕು? ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿ ಕೋನದ ಅರವತ್ತನೇ ಒಂದು ಭಾಗದಷ್ಟು ಅಂತರವನ್ನು ಗುರುತಿಸಬಲ್ಲದು ಎಂಬುದು ರೂಢಿಯ ಅಳತೆ. ಲ್ಯಾಪ್‌ಟಾಪನ್ನು 50 ಸೆಂಟಿಮೀಟರ್ ದೂರದಿಂದ ನೋಡುವಾಗ ಅದು ಇಂಚಿಗೆ ಸುಮಾರು 175 ಪಿಕ್ಸೆಲ್ ಆಗುತ್ತದೆ. 15.6 ಇಂಚಿನ 1080ಪಿ ಪರದೆ ಕೊಡುವುದು 141, ಆದ್ದರಿಂದ ಅಕ್ಷರದ ಅಂಚುಗಳು ಒರಟಾಗಿ ಕಾಣುತ್ತವೆ. 16 ಇಂಚಿನ 2560×1600 ಪರದೆ 189 ಕೊಟ್ಟು ಆ ಗಡಿಯನ್ನು ದಾಟುತ್ತದೆ. 15.6 ಇಂಚಿನ 4ಕೆ ಪರದೆಯ 282ರಲ್ಲಿ ಬಹುಪಾಲು ಹೆಚ್ಚುವರಿ ನನ್ನ ಕಣ್ಣಿಗೆ ದಕ್ಕುವುದೇ ಇಲ್ಲ, ಬ್ಯಾಟರಿ ಮಾತ್ರ ಬೇಗ ಕರಗುತ್ತದೆ.

ಹೀಗಾಗಿ ನಾನು ಆರಿಸಿಕೊಂಡದ್ದು 16 ಇಂಚಿನ 2560×1600 ಪರದೆಯನ್ನು. ಗೇಮ್ ಭಾರವಾದಾಗ, ಸಣ್ಣ ಅಳತೆಯ ಚಿತ್ರವನ್ನು ಹಿಗ್ಗಿಸಿ ತೋರಿಸುವ ತಂತ್ರಗಳಾದ ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್ ನೆರವಿಗೆ ಬರುತ್ತದೆ: ಅವುಗಳ ಕ್ವಾಲಿಟಿ ಮೋಡ್‌ನಲ್ಲಿ ಚಿತ್ರ ಮೊದಲು ಉದ್ದ ಅಗಲಗಳೆರಡರಲ್ಲೂ ಮೂರನೇ ಎರಡರಷ್ಟು ಅಳತೆಯಲ್ಲಿ ಸಿದ್ಧವಾಗಿ, ಆಮೇಲೆ ಹಿಗ್ಗುತ್ತದೆ, ಅಂದರೆ ಚಿಪ್ ಮೊದಲಿಗೆ ಬಿಡಿಸುವುದು ಪೂರ್ಣ 1080ಪಿಗಿಂತಲೂ ಕಡಿಮೆ ಪಿಕ್ಸೆಲ್‌ಗಳನ್ನು. ಆದರೆ ಇಂಥ ಸೌಲಭ್ಯವಿಲ್ಲದ ಹಳೆಯ ಗೇಮ್‌ಗಳನ್ನು ಈ ಪರದೆಯಲ್ಲಿ 1080ಪಿಗೆ ಇಳಿಸಿ ಆಡಿದರೆ ಚಿತ್ರ ಸ್ವಲ್ಪ ಮಸುಕಾಗುತ್ತದೆ, ಏಕೆಂದರೆ ಒಂದು ಪಿಕ್ಸೆಲ್ ಒಂದೂಕಾಲಿಗಿಂತ ತುಸು ಹೆಚ್ಚು ಪಿಕ್ಸೆಲ್‌ಗಳ ಅಗಲಕ್ಕೆ ಹರಡಬೇಕಾಗುತ್ತದೆ. 4ಕೆಯಲ್ಲಿ ಇದೇ ಹರಡುವಿಕೆ ಎರಡಕ್ಕೆರಡರ ಚೌಕವಾಗಿ ಸರಿಯಾಗಿ ಕೂರಬಲ್ಲದು, ಅದರ ಈ ಅನುಕೂಲವನ್ನು ಒಪ್ಪಲೇಬೇಕು.

ಗ್ರಾಫಿಕ್ಸ್ ಚಿಪ್ ಸಾಧಾರಣದ್ದಾಗಿದ್ದು, ಆಟವೇ ಮುಖ್ಯವಾಗಿದ್ದರೆ 144 ಹರ್ಟ್ಸ್‌ನ (ಸೆಕೆಂಡಿಗೆ 144 ಬಾರಿ ಚಿತ್ರ ಹೊಸದಾಗಿಸುವ) ಒಳ್ಳೆಯ 1080ಪಿ ಪರದೆಯೇ ಮೇಲು. ಯಾವುದನ್ನು ಆರಿಸುವ ಮೊದಲೂ ಆ ಪರದೆಯ ಮೇಲೆ ಕನ್ನಡದ ಒಂದು ಪುಟವನ್ನು ಸಣ್ಣ ಅಕ್ಷರದಲ್ಲಿ ತೆರೆದು, ‘ಕ್ರ’ ಮತ್ತು ‘ಕೃ’ ಎರಡೂ ನೀವು ಮುಂದಕ್ಕೆ ಬಾಗದೆಯೇ ಬೇರೆಬೇರೆಯಾಗಿ ಕಾಣುತ್ತವೆಯೇ ಎಂದು ನೋಡಿ.