ಹಸು, ಕುದುರೆ ಎರಡನ್ನೂ ಒಟ್ಟಿಗೆ ಸಾಕಬಹುದಾ?

ಮನೆಯವರೇ ಸೇರಿ ಹಾಲಿನ ಹಸುವನ್ನೂ ಕುದುರೆಯನ್ನೂ ಸಾಕುತ್ತೇವೆ ಅಂದ ಕೂಡಲೇ ಬರುವ ಪ್ರಶ್ನೆ ಇದು. ನನ್ನ ಉತ್ತರ: ಮೇಯುವ ಬಯಲು ಒಂದೇ ಇದ್ದರೆ ಒಳ್ಳೆಯದು, ಗೋದಲಿ ಮಾತ್ರ ಒಂದೇ ಇರಬಾರದು. ಜೊತೆಗೆ ಅಕ್ಕಪಕ್ಕದವರ ಹತ್ತಿರ ಮಾತು ಬಿಟ್ಟಿರಬಾರದು.

ಹಸುವಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ. ನಾಲಿಗೆ ಸುತ್ತಿ ಹುಲ್ಲನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಸ್ವಲ್ಪ ಉದ್ದದ ಹುಲ್ಲೇ ಬೇಕು. ಕುದುರೆಗೆ ಮೇಲೂ ಕೆಳಗೂ ಹಲ್ಲಿದೆ, ಬುಡಕ್ಕೇ ಕತ್ತರಿಸುತ್ತದೆ. ಆದರೆ ತಾನು ಲದ್ದಿ ಹಾಕಿದ ಜಾಗದಲ್ಲಿ ಬಾಯಿ ಇಡುವುದಿಲ್ಲ. ಬರೀ ಕುದುರೆ ಬಿಟ್ಟ ಬಯಲನ್ನು ನೋಡಿ, ಒಂದು ಕಡೆ ಬೋಳು, ಇನ್ನೊಂದು ಕಡೆ ಎತ್ತರಕ್ಕೆ ಬೆಳೆದ ಹುಲ್ಲು. ಆ ಹುಲ್ಲನ್ನು ಹಸು ಆರಾಮಾಗಿ ಮೇಯುತ್ತದೆ. ಕುದುರೆಯ ಜಂತುಹುಳುಗಳಲ್ಲಿ ಹೆಚ್ಚಿನವು ಹಸುವಿನ ಹೊಟ್ಟೆಯಲ್ಲಿ ಬದುಕುವುದಿಲ್ಲ. ಬಯಲೂ ಸಮ ಆಯಿತು, ಹುಳುವಿನ ಕಾಟವೂ ಕಡಿಮೆ ಆಯಿತು. ಪಿತ್ತಜನಕಾಂಗದ ಹುಳು ಮಾತ್ರ ಎರಡನ್ನೂ ಹಿಡಿಯುತ್ತದೆ, ಜವುಗಿನ ಕಡೆ ಬೇಲಿ ಹಾಕಿ.

ಇನ್ನು ಗೋದಲಿ. ಹಸು ಮೆಲುಕು ಹಾಕುತ್ತದೆ, ಅದರ ಹೊಟ್ಟೆಗೆ ನಾಲ್ಕು ಭಾಗ. ಕುದುರೆಗೆ ಇರುವುದು ಒಂದೇ ಸಣ್ಣ ಹೊಟ್ಟೆ. ನಾರು ಕರಗುವುದು ಆಮೇಲೆ, ದೊಡ್ಡ ಕರುಳಿನ ಕಡೆ. ಕೆಟ್ಟದ್ದು ತಿಂದರೆ ವಾಂತಿ ಮಾಡುವುದಕ್ಕೂ ಅದಕ್ಕೆ ಬರುವುದಿಲ್ಲ. ಹಸುಗಳ ಕೆಲವು ಆಹಾರದಲ್ಲಿ ಮೊನೆನ್ಸಿನ್ ಅನ್ನುವ ಔಷಧ ಸೇರಿಸಿರುತ್ತಾರೆ. ಹಸುವಿಗೆ ಅದು ಒಳ್ಳೆಯದೇ. ಕುದುರೆಗೆ ಸ್ವಲ್ಪ ಹೋದರೂ ಹೃದಯದ ಸ್ನಾಯು ಹಾಳಾಗಿ ಪ್ರಾಣವೇ ಹೋಗಬಹುದು, ಅದಕ್ಕೆ ಪ್ರತಿಮದ್ದಿಲ್ಲ. ಅದಕ್ಕೇ ನಮ್ಮಲ್ಲಿ ಬಕೆಟ್ಟು, ಮೊಗೆಯುವ ಡಬ್ಬ ಎಲ್ಲ ಬೇರೆ ಬೇರೆ. ಹಸುವಿನ ಆಹಾರದ ಕೋಣೆಗೆ ಚಿಲಕದ ಮೇಲೆ ಕೊಕ್ಕೆಯೂ ಇದೆ, ಯಾಕಂದರೆ ಬರೀ ಚಿಲಕವನ್ನು ಕುದುರೆ ತುಟಿಯಲ್ಲೇ ತೆಗೆಯುತ್ತದೆ! ಸಹಾಯಕ್ಕೆ ಯಾರೇ ಬಂದರೂ ಮೊದಲು ತೋರಿಸುವುದು ಆ ಕೊಕ್ಕೆಯನ್ನೇ.

ಸಹಾಯಕ್ಕೆ ಬರುವವರು ಅಂದೆ. ನಿಜವಾದ ಕಷ್ಟ ಇರುವುದು ಮೇವಿನಲ್ಲಲ್ಲ, ಹೊತ್ತಿನಲ್ಲಿ. ಹಾಲು ಕರೆಯುವುದು ತಡವಾದರೆ ಕೆಚ್ಚಲು ಬಿಗಿಯುತ್ತದೆ, ಹಾಗೇ ಬಿಟ್ಟರೆ ಕೆಚ್ಚಲು ಬಾವು ರೋಗಕ್ಕೆ ದಾರಿ. ಕುದುರೆಗೆ ಹೆಚ್ಚುಕಡಿಮೆ 11 ತಿಂಗಳ ಗಬ್ಬ, ಮರಿ ಹಾಕುವುದು ಬಹುಪಾಲು ರಾತ್ರಿಯೇ. ನೀರು ಒಡೆದ ಮೇಲೆ ಅರ್ಧ ಗಂಟೆಯೊಳಗೆ ಮರಿ ಹೊರಗೆ ಬರಬೇಕು. ಹುಟ್ಟಿದ ಒಂದು ಗಂಟೆಯೊಳಗೆ ಮರಿ ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ಕಸ, ಅಂದರೆ ಮಾಸು, ಬೀಳಬೇಕು. ಹಸುವಿನ ಕಸಕ್ಕೆ ಅರ್ಧ ದಿನ ಕಾಯಬಹುದು, ಕುದುರೆಗೆ ಹಾಗಲ್ಲ, ಡಾಕ್ಟರನ್ನು ಕರೆಯಲೇಬೇಕು. ಇಷ್ಟೆಲ್ಲ ಮುಗಿಯುವಾಗ ಬೆಳಗಿನ ಹಾಲಿನ ಹೊತ್ತಾಗಿರುತ್ತದೆ. ಲಾಯದಲ್ಲಿ ರಾತ್ರಿಯೆಲ್ಲ ದೀಪ ಉರಿದದ್ದು ಕಂಡರೆ ಪಕ್ಕದ ಮನೆಯವರು ಕೇಳದೆಯೇ ನಮ್ಮ ಕೊಟ್ಟಿಗೆಗೆ ಬರುತ್ತಾರೆ. ಯಾವ ಹಸು ಒದೆಯುತ್ತದೆ, ಯಾವುದು ಮುಂದೆ ಹಿಂಡಿ ಇಟ್ಟರೆ ಮಾತ್ರ ಸೊರ ಬಿಟ್ಟು ಹಾಲು ಇಳಿಸುತ್ತದೆ ಅಂತ ಅವರಿಗೆ ಗೊತ್ತು. ಅವರ ಹುಲ್ಲು ಮಳೆಗೆ ಸಿಕ್ಕುವ ಹಾಗಿದ್ದರೆ ನಾವು ಅಲ್ಲಿರುತ್ತೇವೆ. ಲೆಕ್ಕ ಯಾರೂ ಬರೆದಿಡುವುದಿಲ್ಲ, ಆದರೆ ಯಾರೂ ಮರೆಯುವುದೂ ಇಲ್ಲ!

ಈ ಒಗ್ಗಟ್ಟಿಗೆ ಇನ್ನೊಂದು ಮುಖವೂ ಇದೆ. ಎಲ್ಲರಿಗೂ ಎಲ್ಲ ಗೊತ್ತಾಗುವ ಕಡೆ ರೋಗ ಬಂದರೆ ಮುಚ್ಚಿಡುವ ಆಸೆ ಜಾಸ್ತಿ. ಕುದುರೆಗೆ ಜ್ವರ ಬಂದು ಗಂಟಲ ಹತ್ತಿರ ಗಂಟು ಕಟ್ಟಿ ಕೀವಾಗುವ ರೋಗವಿದೆ. ನೀರಿನ ತೊಟ್ಟಿ, ಬಕೆಟ್ಟು, ನಮ್ಮ ಕೈ, ಎಲ್ಲದರಿಂದಲೂ ಹರಡುತ್ತದೆ. ಅದನ್ನು ಮುಚ್ಚಿಟ್ಟು ಪಕ್ಕದವರ ಲಾಯಕ್ಕೆ ಹೋಗಿ ಬರುವವರನ್ನು ನಾನು ಕ್ಷಮಿಸಲಾರೆ. ಮರ್ಯಾದೆ ಹೋಗುತ್ತದೆ ಅಂತ ಸುಮ್ನೆ ಕೂತರೆ ಹೋಗುವುದು ಬೇರೆಯವರ ಕುದುರೆ, ಅಲ್ವಾ?

ಹಾಗಾದರೆ ಹಸುಗಳ ಜೊತೆ ಒಂದು ಕುದುರೆ ತರಬಹುದಾ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಒಂದು ಬೇಡ, ಎರಡು ತನ್ನಿ. ಗುಂಪಿನಲ್ಲಿ ಇರುವ ಪ್ರಾಣಿ ಅದು. ಹಸುವಿನ ಜೊತೆ ಹೊಂದಿಕೊಂಡರೂ ಇನ್ನೊಂದು ಕುದುರೆಯ ಜಾಗವನ್ನು ಹಸು ತುಂಬುವುದಿಲ್ಲ. ಮತ್ತೆ ಹಾಲಿನ ದುಡ್ಡು ದಿನಾ ಬರುತ್ತದೆ, ಕುದುರೆಯದ್ದು ಹಾಗಲ್ಲ. ಹುಟ್ಟಿದ ಮರಿ ಸವಾರಿಗೆ ಬರಲು ಮೂರ್ನಾಲ್ಕು ವರ್ಷ ಬೇಕು. ಅಲ್ಲಿಯವರೆಗೆ ಅದನ್ನು ಸಾಕುವುದು ಹಸುಗಳೇ.