ಇನ್ನು 15 ನಿಮಿಷ ಮಾತ್ರ

ಮಧ್ಯಾಹ್ನದಿಂದ ಮಳೆ. ಹೊರದೇಶದಲ್ಲಿ ಇಂಗ್ಲಿಷ್ ಕಲಿಸೋಕೆ ಯಾವ ಸರ್ಟಿಫಿಕೇಟ್ ಮಾಡೋದು ಅಂತ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ.

ಒಂದು ಆನ್‌ಲೈನ್ ಟೆಫಲ್ ಕೋರ್ಸ್, ಅಂದ್ರೆ ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ ಇಂಗ್ಲಿಷ್ ಕಲಿಸೋ ತರಬೇತಿ. 120 ಗಂಟೆ, ಭಾರಿ ರಿಯಾಯಿತಿ, ಪಕ್ಕದಲ್ಲಿ ಕೆಂಪು ಗಡಿಯಾರ: ಇನ್ನು 15 ನಿಮಿಷ ಮಾತ್ರ. ಕಾರ್ಡ್ ಹುಡುಕಿ ತರುವಷ್ಟರಲ್ಲಿ ಕರೆಂಟ್ ಹೋಯ್ತು. ಉಡುಪಿ ಮಳೆ, ಕೇಳಬೇಕಾ.

ಜಗಲಿಗೆ ಬಂದೆ. ಪಕ್ಕದ ಮನೆ ಹುಡುಗಿ, ಏಳನೇ ಕ್ಲಾಸು, ಕೈಯಲ್ಲಿ ಅರ್ಧ ತಿಂದ ಗೋಳಿಬಜೆ. "ಸಿನ್ಸ್‌ಗೂ ಫಾರ್‌ಗೂ ಏನು ವ್ಯತ್ಯಾಸ?" ಅಂದಳು. ಗೊತ್ತಿಲ್ಲದ್ದೇನಲ್ಲ. ಎರಡು ಉದಾಹರಣೆ ಕೊಟ್ಟೆ, ಎರಡನೆಯದು ನನಗೇ ಗೊಂದಲ. ಪಾಪ, ಅರ್ಥ ಆದವಳ ಹಾಗೆ ತಲೆ ಆಡಿಸಿದಳು. ಆ ತಲೆ ಆಡಿಸೋದು ನನಗೆ ಚೆನ್ನಾಗಿ ಗೊತ್ತು. ಗಣಿತದ ಕ್ಲಾಸಲ್ಲಿ ನಾನೂ ಹಾಗೇ ದಿನ ದೂಡಿದವಳು.

ಆವಾಗಲೇ ಕೇಂಬ್ರಿಡ್ಜ್‌ನ ಸೆಲ್ಟಾ ಅನ್ನೋ ಇಂಗ್ಲಿಷ್ ಶಿಕ್ಷಕರ ಸರ್ಟಿಫಿಕೇಟ್ ನೆನಪಾಯ್ತು. ಅದೂ ಕನಿಷ್ಠ 120 ಗಂಟೆಯದ್ದೇ. ಆದರೆ ಅದರೊಳಗೆ ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತು 6 ಗಂಟೆ ಪಾಠ ಮಾಡಬೇಕು. ಹಿಂದೆ ಒಬ್ಬರು ಕೂತು ಎಲ್ಲಾ ಬರೆದುಕೊಳ್ಳುತ್ತಾರೆ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಇಂಥದ್ದೇ ಸರ್ಟಿಫಿಕೇಟ್ ಸರ್ಟ್‌ಟೆಸಾಲ್‌ನಲ್ಲೂ ಅಷ್ಟೇ 6 ಗಂಟೆ. ದುಡ್ಡು ಜಾಸ್ತಿ. ಫುಲ್‌ಟೈಮ್ ಆದ್ರೆ ಸುಮಾರು 4 ವಾರ ಬೇರೆಲ್ಲ ಮರೆತುಬಿಡಬೇಕು. ಟೆಫಲ್ ಅನ್ನೋದು ಒಂದು ಸಂಸ್ಥೆಯ ಹೆಸರೇ ಅಲ್ಲ, ಯಾರು ಬೇಕಾದರೂ ಬೋರ್ಡ್ ಹಾಕಬಹುದು. ಊರೂರಲ್ಲಿ ಉಡುಪಿ ಹೋಟೆಲ್ ಅಂತ ಹಾಕ್ತಾರಲ್ವಾ, ಹಾಗೆ.

ಒಂದೂವರೆ ಗಂಟೆ ಬಿಟ್ಟು ಕರೆಂಟ್ ಬಂತು. ಪೇಜ್ ತೆರೆದೆ. ಗಡಿಯಾರ ಮತ್ತೆ 15 ನಿಮಿಷದಿಂದ ಶುರು.